ಜರ್ಮನಿಯಿಂದ ಪಿಟೀಲು ತಂತಿ ತರಿಸಿದೆ, ತಂತಿಯ ಬೆಲೆಗಿಂತ ಸುಂಕವೇ ಜಾಸ್ತಿ. ಈ ಲೆಕ್ಕ ಸರಿಯಾ?

ನೀರ್ಚಾಲು ಪಿಟೀಲು (ಜುಲೈ 2024)

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ನೀರ್ಚಾಲಿನವಳು. ಮನೆಯಲ್ಲೇ ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತೇನೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದಲೂ ಮಕ್ಕಳು ಬರುತ್ತಾರೆ.

ನಮ್ಮ ಕಡೆಯ ಮಳೆಗಾಲ ಗೊತ್ತಲ್ವಾ. ಬಟ್ಟೆ ಒಣಗುವುದಿಲ್ಲ, ಪುಸ್ತಕಕ್ಕೆ ಬೂಸ್ಟು ಹಿಡಿಯುತ್ತದೆ. ಸ್ಟೀಲ್ ತಂತಿ ಬಹಳ ಬೇಗ ತುಕ್ಕು ಹಿಡಿಯುತ್ತದೆ. ತೋಡಿ ರಾಗದ ಗಾಂಧಾರಕ್ಕೆ ಬೆರಳು ಜಾರಿಸುವಾಗ ತಂತಿ ಒರಟಾಗಿ ಸಿಕ್ಕರೆ ಗಮಕವೇ ಮುರಿದು ಹೋಗುತ್ತದೆ. ಮಕ್ಕಳು ತಮ್ಮ ಕೈ ಸರಿ ಇಲ್ಲ ಅಂದುಕೊಂಡು ಅಳುವುದನ್ನು ನೋಡಿದ್ದೇನೆ. ಅದಕ್ಕೇ ವಿಯೆನ್ನಾದಲ್ಲಿ ತಯಾರಾಗುವ ಸಿಂಥೆಟಿಕ್ ಕೋರ್ (ಒಳಗಿನ ಎಳೆ ಸ್ಟೀಲ್ ಅಲ್ಲದ) ತಂತಿ ಬೇಕಿತ್ತು. ಮಂಗಳೂರಿನಲ್ಲಿ ವಿಚಾರಿಸಿದ ಅಂಗಡಿಗಳಲ್ಲಿ ಸಿಗಲಿಲ್ಲ. ಜರ್ಮನಿಯ ಒಂದು ಆನ್‌ಲೈನ್ ಅಂಗಡಿಯಿಂದ ಎರಡು ಸೆಟ್ ತಂತಿ, ಬಿಲ್ಲಿಗೆ ಹಚ್ಚುವ ಒಂದು ರಾಸಿನ್ ತರಿಸಿದೆ. ನಮ್ಮ ಹಣದಲ್ಲಿ ಸಾಮಾನಿಗೆ 12,000, ಕೊರಿಯರಿಗೆ 3,600 ರೂಪಾಯಿ. ಹಣ ಕಟ್ಟುವಾಗ ಬೇರೆ ಯಾವ ಖರ್ಚನ್ನೂ ಅಲ್ಲಿ ತೋರಿಸಲಿಲ್ಲ.

ಪಾರ್ಸೆಲ್ ದೇಶದೊಳಗೆ ಬಂದ ಮೇಲೆ ಕೊರಿಯರ್‌ನವರು ಕೆವೈಸಿ ಕೇಳಿದರು. ಆಧಾರ್ ಕಳಿಸಿದೆ. ಮತ್ತೆ ಈ ಬಿಲ್ ಬಂತು:

ಮೌಲ್ಯ 15,600
ಮೂಲ ಕಸ್ಟಮ್ಸ್ ಸುಂಕ ಶೇ. 35: 5,460
ಸಮಾಜ ಕಲ್ಯಾಣ ಸರ್ಚಾರ್ಜ್: 546
ಐಜಿಎಸ್‌ಟಿ ಶೇ. 28: 6,049.68
ಮುಂಗಡ ಪಾವತಿ ಶುಲ್ಕ: 600
ಆ ಶುಲ್ಕದ ಮೇಲೆ ಜಿಎಸ್‌ಟಿ: 108
ಒಟ್ಟು 12,763.68

ಇದು ನಿಜವಾದ ಲೆಕ್ಕವಾ? ಮುಂಗಡ ಪಾವತಿ ಶುಲ್ಕ ಅಂದ್ರೆ ಎಂತದು? ನಾನು ಯಾರ ಹತ್ತಿರವೂ ಮುಂಗಡ ಕೇಳಿಲ್ಲ. ಪಾರ್ಸೆಲ್ ಬೇಡ ಅಂದರೆ ಏನಾಗುತ್ತದೆ? ಮಂಗಳೂರಿನಲ್ಲಿ ಅಕ್ಕನ ಮನೆ ಉಂಟು, ಇನ್ನು ಮುಂದೆ ಆ ವಿಳಾಸ ಕೊಟ್ಟರೆ ಕಡಿಮೆ ಆಗುತ್ತದಾ? ಮಕ್ಕಳ ಅಪ್ಪ ಅಮ್ಮಂದಿರು ಎಲ್ಲರೂ ಸೇರಿ ಒಟ್ಟಿಗೆ ತರಿಸೋಣ ಅನ್ನುತ್ತಿದ್ದಾರೆ. ಅವರಿಗೆ ಏನು ಹೇಳಲಿ? ಅವರೆಲ್ಲ ಅಡಿಕೆ ಮಾರಿ ಫೀಸು ಕೊಡುವವರು. ಸಾಮಾನಿನಷ್ಟೇ ಸುಂಕವೂ ಕಟ್ಟಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಉಪ್ಪಳದ ಲೆಕ್ಕದವ

ಟೀಚರ್, ನಾನು ಕೆಲವು ಅಂಗಡಿಗಳ ಆಮದು ಲೆಕ್ಕ ನೋಡುತ್ತೇನೆ. ದರಗಳು ಸರಿ ಇವೆ. ಆದರೆ ಮೌಲ್ಯದಲ್ಲಿ ಒಂದು ವಿಷಯ ಕೇಳಲೇಬೇಕು.

ಮೊದಲು ದರ. ಸ್ವಂತ ಬಳಕೆಗೆ ಅಂಚೆಯಲ್ಲೋ ವಿಮಾನದಲ್ಲೋ ಬರುವ ಸುಂಕದ ಸಾಮಾನನ್ನು ಸುಂಕಪಟ್ಟಿಯ 9804 ಅನ್ನುವ ಶೀರ್ಷಿಕೆಯಲ್ಲಿ ಹಾಕುತ್ತಾರೆ. ತಂತಿಯೋ ಚಪ್ಪಲಿಯೋ ಅಂತ ನೋಡುವುದಿಲ್ಲ. ಮೂಲ ಸುಂಕ 35. ಆ ಸುಂಕದ ಶೇ. 10 ಸರ್ಚಾರ್ಜ್, ಅಂದರೆ 3.5. ಐಜಿಎಸ್‌ಟಿ, ಅಂದರೆ ಆಮದಿನ ಮೇಲಿನ ಜಿಎಸ್‌ಟಿ, ಹಾಕುವುದು ಸಾಮಾನಿನ ಬೆಲೆಗೆ ಮಾತ್ರ ಅಲ್ಲ, ಬೆಲೆ ಮತ್ತು ಸುಂಕ ಸೇರಿದ ಮೊತ್ತಕ್ಕೆ. ನೂರು ರೂಪಾಯಿ 138.50 ಆಗುತ್ತದೆ, ಅದಕ್ಕೆ 28 ಪರ್ಸೆಂಟ್ ಅಂದರೆ 38.78. ಎಲ್ಲ ಸೇರಿ ಶೇ. 77.28. ತೆರಿಗೆಯ ಮೇಲೆ ತೆರಿಗೆ ಹಾಕುವ ಈ ಕ್ರಮ ನನಗೂ ಹಿಡಿಸುವುದಿಲ್ಲ, ಆದರೆ ಕಾನೂನು ಹಾಗೇ ಉಂಟು.

ಈಗ ಮೌಲ್ಯ. ಸುಂಕವನ್ನು ಸಾಮಾನಿನ ಬೆಲೆಗೆ ಸಾಗಣೆ ಮತ್ತು ವಿಮೆ ಸೇರಿಸಿ ಲೆಕ್ಕ ಹಾಕುತ್ತಾರೆ. ಆದರೆ 2007ರ ಕಸ್ಟಮ್ಸ್ ಮೌಲ್ಯ ನಿಯಮಗಳ 10ನೇ ನಿಯಮದಲ್ಲಿ ಒಂದು ಮಿತಿ ಉಂಟು. ವಿಮಾನದಲ್ಲಿ ಬಂದ ಸಾಮಾನಿಗೆ ನೀವು ಎಷ್ಟೇ ಸಾಗಣೆ ಕೊಟ್ಟಿರಿ, ಮೌಲ್ಯಕ್ಕೆ ಸೇರಿಸುವುದು ಸಾಮಾನಿನ ಬೆಲೆಯ ಶೇ. 20 ಮೀರಬಾರದು. ನಿಮ್ಮ 12,000ಕ್ಕೆ ಅದು 2,400. ಅವರು 3,600 ಪೂರ್ತಿ ಸೇರಿಸಿದ್ದಾರೆ. 14,400ರ ಮೇಲೆ ಲೆಕ್ಕ ಹಾಕಿದರೆ ಸುಂಕ ತೆರಿಗೆ ಎಲ್ಲ ಸೇರಿ 11,128.32 ಬರುತ್ತದೆ. ವಿಮೆಯ ಸಣ್ಣ ಮೊತ್ತ ನಾನು ಬಿಟ್ಟಿದ್ದೇನೆ. ನಿಮ್ಮಿಂದ 12,055.68 ಕೇಳಿದ್ದಾರೆ. ಒಂಬೈನೂರು ಚಿಲ್ಲರೆ ಜಾಸ್ತಿ.

ಕೊರಿಯರ್‌ನವರಿಗೆ ಬರೆದು 'ಕೊರಿಯರ್ ಬಿಲ್ ಆಫ್ ಎಂಟ್ರಿ'ಯ ಪ್ರತಿ ಕೇಳಿ. ಸರ್ಕಾರಕ್ಕೆ ನಿಜವಾಗಿ ಎಷ್ಟು ಕಟ್ಟಿದ್ದಾರೆ, ಯಾವ ಶೀರ್ಷಿಕೆ, ಯಾವ ವಿನಿಮಯ ದರ, ಎಲ್ಲ ಅದರಲ್ಲಿ ಇರುತ್ತದೆ. ದರ ನಿಮ್ಮ ಬ್ಯಾಂಕಿನದ್ದಲ್ಲ, ಕಸ್ಟಮ್ಸ್ ತಾನೇ ಪ್ರಕಟಿಸುವ ದರ. ಜಾಸ್ತಿ ಕಟ್ಟಿದ್ದು ಅಂತ ಕಂಡರೆ, ಕಟ್ಟಿದ ದಿನದಿಂದ ಒಂದು ವರ್ಷದೊಳಗೆ ಮರುಪಾವತಿ ಕೇಳಬಹುದು. ಕಸ್ಟಮ್ಸ್ ಕಾಯ್ದೆಯ 27ನೇ ಸೆಕ್ಷನ್.

ಮುಂಗಡ ಪಾವತಿ ಶುಲ್ಕ ಸರ್ಕಾರದ್ದಲ್ಲ. ಪಾರ್ಸೆಲ್ ಬಿಡಿಸಲು ಅವರು ಮೊದಲು ಸುಂಕ ಕಟ್ಟುತ್ತಾರೆ, ನಿಮ್ಮಿಂದ ಆಮೇಲೆ ವಸೂಲು ಮಾಡುತ್ತಾರೆ. ಆ ಸೇವೆಗೆ ಹಾಕುವ ಚಾರ್ಜು ಅದು. ಅದರ ಮೇಲೆ ಶೇ. 18 ಜಿಎಸ್‌ಟಿ. ಸಣ್ಣ ಆರ್ಡರ್ ಆದಷ್ಟೂ ಇದು ಭಾರ.

ಮಂಗಳೂರಿನ ವಿಳಾಸದಿಂದ ಪ್ರಯೋಜನ ಇಲ್ಲ. ಕಸ್ಟಮ್ಸ್ ಸುಂಕವೂ ಐಜಿಎಸ್‌ಟಿಯೂ ಕೇಂದ್ರದ್ದು. ಕೇರಳ ಕರ್ನಾಟಕ ಗಡಿಯ ತಲಪಾಡಿಯ ಈಚೆಗೂ ಆಚೆಗೂ ಒಂದೇ ದರ.

ಪಾರ್ಸೆಲ್ ಬೇಡ ಅಂದರೆ ವಾಪಸ್ ಕಳಿಸುವ ಖರ್ಚನ್ನು ಅಂಗಡಿಯವರು ನಿಮ್ಮ ಹಣದಿಂದ ಕಡಿಯಬಹುದು. ಯೋಚಿಸುತ್ತಾ ಕೂತರೆ ಗೋದಾಮಿನ ಬಾಡಿಗೆಯೂ ಏರುತ್ತದೆ. ನಿಮಗೆ ತಂತಿ ಬೇಕೇ ಬೇಕಲ್ವಾ, ಕಟ್ಟಿ ಬಿಡಿಸಿಕೊಳ್ಳಿ. ಜಗಳ ಆಮೇಲೆ ಮಾಡುವ.

ಪೆರ್ಲದ ತೋಟ

ಟೀಚರ್, ನನ್ನ ಮಗಳೂ ನಿಮ್ಮ ಹತ್ತಿರವೇ ಕಲಿಯುವುದು. ಈ ಮಳೆಗಾಲದಲ್ಲಿ ತಂತಿ ಕಡಿದು ಅವಳು ಎರಡು ವಾರ ಸುಮ್ನೆ ಕೂತಿದ್ದಳು, ಹಾಗಾಗಿ ಇದನ್ನು ಪೂರ್ತಿ ಓದಿದೆ.

ಹುಲ್ಲು ಕತ್ತರಿಸುವ ಮಿಷನಿನ ಪಾರ್ಟು ನಾನು ಹೊರದೇಶದಿಂದ ತರಿಸುವುದುಂಟು. ನಾನು ಅಂಚೆಯಲ್ಲೇ ತರಿಸುತ್ತೇನೆ. ಅಂಗಡಿಯವರು ಅಂಚೆಯ ಆಯ್ಕೆ ಕೊಟ್ಟಿದ್ದರೆ ಅದನ್ನೇ ಒತ್ತಿ. ವಿದೇಶಿ ಅಂಚೆ ಕಚೇರಿಯಲ್ಲಿ ಕಸ್ಟಮ್ಸ್‌ನವರು ನೋಡಿ ಸುಂಕ ಬರೆಯುತ್ತಾರೆ, ಪೋಸ್ಟ್‌ಮ್ಯಾನ್ ಪಾರ್ಸೆಲ್ ತಂದಾಗ ಹಣ ಕೊಟ್ಟು ರಶೀದಿ ತೆಗೆದುಕೊಳ್ಳುವುದು. ಸುಂಕ ಅದೇ. ಆದರೆ ಕೊರಿಯರ್‌ನವರ ಆ ದೊಡ್ಡ ಚಾರ್ಜು ಇಲ್ಲ, ಸಾಗಣೆಯೂ ಅಗ್ಗ. ನಿಧಾನ ಆಗುತ್ತದೆ, ಅದೊಂದೇ. ಮಳೆಗಾಲಕ್ಕೆ ಬೇಕಾದ್ದನ್ನು ಮಾರ್ಚಿನಲ್ಲೇ ಬರೆದರೆ ತೊಂದರೆ ಇಲ್ಲ.

ಇನ್ನೊಂದು. 'ನಿಮ್ಮ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಂತಿದೆ, ಈ ಲಿಂಕಿನಲ್ಲಿ ಹಣ ಕಟ್ಟಿ' ಅಂತ ಮೆಸೇಜ್ ಬಂದರೆ ಲಿಂಕ್ ಒತ್ತಬೇಡಿ. ಕೊರಿಯರ್‌ನವರ ವೆಬ್‌ಸೈಟಿಗೆ ನೀವೇ ಹೋಗಿ ಟ್ರ್ಯಾಕಿಂಗ್ ನಂಬರ್ ಹಾಕಿ ನೋಡಿ. ನಮ್ಮ ನೆರೆಮನೆಯವರು ಏನನ್ನೂ ಆರ್ಡರ್ ಮಾಡಿರಲಿಲ್ಲ, ಅವರಿಗೂ ಬಂದಿತ್ತು.

ಶಾರ್ಜಾ ಕುಂಬಳೆ

ನಮ್ಮ ಊರಲ್ಲಿ ಎಲ್ಲರೂ ಹೇಳುವುದು ಒಂದೇ. 'ಗಿಫ್ಟ್ ಅಂತ ಬರೆಸು, ಐದು ಸಾವಿರದ ತನಕ ಸುಂಕ ಇಲ್ಲ.' ಅದು ಹಳೇ ಮಾತು. 2019ರ ಡಿಸೆಂಬರ್ 12ರಂದು ಡಿಜಿಎಫ್‌ಟಿ (ಕೇಂದ್ರದ ವಿದೇಶಿ ವ್ಯಾಪಾರ ಇಲಾಖೆ) ಅದನ್ನು ನಿಲ್ಲಿಸಿತು. ಅಂಚೆ ಅಥವಾ ಕೊರಿಯರ್‌ನಲ್ಲಿ ಗಿಫ್ಟ್ ಲೆಕ್ಕದಲ್ಲಿ ಸುಂಕವಿಲ್ಲದೆ ಬಿಡುವುದು ಈಗ ಜೀವ ಉಳಿಸುವ ಔಷಧಿ ಮತ್ತು ರಾಖಿಗೆ ಮಾತ್ರ. ಬೆಲೆ ಕಡಿಮೆ ಬರೆಸುವುದಂತೂ ಬೇಡವೇ ಬೇಡ. ಸಿಕ್ಕಿಬಿದ್ದರೆ ದಂಡ ಬೇರೆ, ಪಾರ್ಸೆಲ್ ಕಳೆದುಹೋದರೆ ಪರಿಹಾರ ಸಿಗುವುದೂ ಬರೆದಷ್ಟಕ್ಕೇ.

ಊರಿಗೆ ಬರುವವರು ತಮ್ಮ ಬ್ಯಾಗಿನಲ್ಲಿ ತಂದರೆ ಲೆಕ್ಕ ಬೇರೆ. ಗಲ್ಫಿನಿಂದ ಬರುವ ನಮ್ಮಂಥವರಿಗೆ 50,000 ರೂಪಾಯಿ ತನಕದ ಸಾಮಾನಿಗೆ ಸುಂಕ ಇಲ್ಲ. ಮಂಗಳೂರಿನಲ್ಲಿ ಇಳಿದರೂ ಕಣ್ಣೂರಿನಲ್ಲಿ ಇಳಿದರೂ ಅದೇ ನಿಯಮ. ಎರಡು ಸೆಟ್ ತಂತಿಗೆ ಬ್ಯಾಗಿನಲ್ಲಿ ಎಷ್ಟು ಜಾಗ ಬೇಕು! ಯಾರದ್ದಾದರೂ ಮನೆಯವರು ಬರುವುದಿದ್ದರೆ ಕೇಳಿ ನೋಡಿ.

ಜರ್ಮನಿಯ ಅಂಗಡಿಯ ಬಿಲ್ ಕೂಡ ನೋಡಿ ಟೀಚರ್. ಅಲ್ಲಿನ ಬೆಲೆಯಲ್ಲಿ ಶೇ. 19 ವ್ಯಾಟ್ ಸೇರಿರುತ್ತದೆ. ಯುರೋಪ್ ಒಕ್ಕೂಟದ ಹೊರಗೆ ಕಳಿಸುವ ಸಾಮಾನಿಗೆ ಆ ವ್ಯಾಟ್ ಇಲ್ಲ. ದೇಶ ಭಾರತ ಅಂತ ಆರಿಸಿದ ಕೂಡಲೇ 119 ಯುರೋ ಇದ್ದದ್ದು 100 ಆಗಬೇಕು. ಆಗದಿದ್ದರೆ ನೀವು ಅಲ್ಲಿನ ತೆರಿಗೆಯೂ ಕೊಟ್ಟು, ಅದರ ಮೇಲೆ ಇಲ್ಲಿನ ಸುಂಕವನ್ನೂ ಕೊಟ್ಟ ಹಾಗೆ.

ನೀರ್ಚಾಲು ಪಿಟೀಲು

ಎಲ್ಲರಿಗೂ ತುಂಬಾ ಉಪಕಾರ ಆಯ್ತು. ಹಣ ಕಟ್ಟಿ ತಂತಿ ಬಿಡಿಸಿಕೊಂಡೆ. ವ್ಯಾಟ್ ತೆಗೆದೇ ಬಿಲ್ ಮಾಡಿದ್ದರು, ಅಂಗಡಿಯವರು ಸರಿ ಇದ್ದರು. ಬಿಲ್ ಆಫ್ ಎಂಟ್ರಿಯ ಪ್ರತಿ ಕೇಳಿದ್ದಕ್ಕೆ ಕೊರಿಯರ್‌ನವರು ಮೊದಲು 'ಅದು ನಮ್ಮ ಒಳಗಿನ ಕಾಗದ' ಅಂದರು. ಲೆಕ್ಕದವರು ಹೇಳಿದ 10ನೇ ನಿಯಮ ಬರೆದು ಮತ್ತೆ ಕೇಳಿದೆ. ಪ್ರತಿ ಬಂತು. ಸಾಗಣೆ 3,600 ಪೂರ್ತಿ ಹಾಕಿದ್ದು ಅದರಲ್ಲಿ ಕಾಣುತ್ತದೆ. ಮರುಪಾವತಿಗೆ ಬರೆದಿದ್ದೇನೆ, ಬಿಡುವುದಿಲ್ಲ.

ದೇಶಕ್ಕೆ ತೆರಿಗೆ ಕಟ್ಟಲು ನನಗೆ ಬೇಸರ ಇಲ್ಲ. ಆದರೆ ಕೊಳ್ಳುವ ಮೊದಲೇ ಪೂರ್ತಿ ಖರ್ಚು ಕಾಣಬೇಕು. ಈ ಭಾರತದ ವಿಳಾಸಕ್ಕೆ ಸುಮಾರು ಎಷ್ಟು ಸುಂಕ ಬರುತ್ತದೆ ಅಂತ ಕೊರಿಯರ್‌ನವರಿಗೆ ಗೊತ್ತೇ ಇರುತ್ತದೆ. ಬುಕಿಂಗ್ ಮಾಡುವಾಗಲೇ ಆ ಒಂದು ಸಾಲು ತೋರಿಸಲು ಏನು ಕಷ್ಟ? ಸಾಮಾನು ಬಂದು ಬಾಗಿಲಲ್ಲಿ ನಿಂತ ಮೇಲೆ ಹೇಳಿದರೆ ನಮಗೆ ಬೇರೆ ದಾರಿಯೇ ಇರುವುದಿಲ್ಲ.

ಲೆಕ್ಕದವರೇ, ಒಟ್ಟಿಗೆ ತರಿಸುವ ಬಗ್ಗೆ ನೀವು ಹೇಳಲಿಲ್ಲ.

ಉಪ್ಪಳದ ಲೆಕ್ಕದವ

ಮರೆತಿದ್ದೆ ಟೀಚರ್. ಒಬ್ಬರ ಹೆಸರಿಗೆ ಹತ್ತು ಹದಿನೈದು ಸೆಟ್ ಬಂದರೆ ಅದನ್ನು ಸ್ವಂತ ಬಳಕೆ ಅಂತ ಒಪ್ಪುವುದಿಲ್ಲ, ವ್ಯಾಪಾರದ ಆಮದು ಅನ್ನುತ್ತಾರೆ. ಆಗ ಐಇಸಿ, ಅಂದರೆ ಆಮದು ರಫ್ತು ಮಾಡುವವರ ನಂಬರ್ ಕೇಳುತ್ತಾರೆ. ಅದನ್ನು ಡಿಜಿಎಫ್‌ಟಿ ವೆಬ್‌ಸೈಟಿನಲ್ಲೇ ಮಾಡಿಸಬಹುದು, ಶುಲ್ಕ 500 ರೂಪಾಯಿ. ವರ್ಷಕ್ಕೊಮ್ಮೆ ತರಿಸುವವರಿಗೆ ಈ ಗೋಜು ಬೇಡ. ಅವರವರ ಹೆಸರಿಗೆ ಅಂಚೆಯಲ್ಲಿ ಒಂದೊಂದು ಸೆಟ್ ತರಿಸಲಿ.

ಬಾಯಾರು ಮೃದಂಗ (ಫೆಬ್ರವರಿ 2026)

ಹಳೇ ಚರ್ಚೆ, ಆದರೆ ಹುಡುಕಿ ಬರುವವರಿಗೆ ಬೇಕಾಗಬಹುದು. ಮೇಲಿನ 77.28ರ ಲೆಕ್ಕ ಈಗ ಇಲ್ಲ. ಆಗಿನ ಶೇ. 35 ಮೂಲ ಸುಂಕ 2025ರಲ್ಲೇ 20 ಆಗಿತ್ತು. ಈ ಸಲದ ಬಜೆಟ್ಟಿನಲ್ಲಿ ಸ್ವಂತ ಬಳಕೆಯ ಸಾಮಾನಿನ ಕಸ್ಟಮ್ಸ್ ಸುಂಕವನ್ನು ಶೇ. 20ರಿಂದ 10ಕ್ಕೆ ಇಳಿಸುವ ಪ್ರಸ್ತಾಪ ಮಾಡಿದ್ದಾರೆ. ಬ್ಯಾಗಿನಲ್ಲಿ ತರುವ ಮಿತಿಯೂ 50,000ದಿಂದ 75,000ಕ್ಕೆ ಏರಿದೆ. ಕೊರಿಯರ್ ಚಾರ್ಜು ಮಾತ್ರ ಬೇರೆಯೇ ಇರುತ್ತದೆ, ಬುಕ್ ಮಾಡುವ ಮೊದಲು ಅವರ ದರಪಟ್ಟಿ ನೋಡಿ.

ಟೀಚರ್, ನಿಮ್ಮ ಮರುಪಾವತಿ ಏನಾಯ್ತು?

ನೀರ್ಚಾಲು ಪಿಟೀಲು

ಬಂತು. ಬಹಳ ತಿಂಗಳು ಹಿಡಿಯಿತು, ಕಾಗದದ ಮೇಲೆ ಕಾಗದ ಬರೆಯಬೇಕಾಯ್ತು. ನಾನು ಬರೆದ ಅರ್ಜಿಯ ಒಕ್ಕಣೆ ಬೇಕಾದವರು ಕೇಳಿ, ಇಲ್ಲೇ ಹಾಕುತ್ತೇನೆ.