ಪದಚರ್ಚೆ: 'ಕ್ಯಾಚ್ ಅಂಡ್ ರಿಲೀಸ್'ಗೆ ಕನ್ನಡ ಬೇಕು (ಬೋರ್ಡಿಗೆ, ಅರ್ಜೆಂಟ್)

ಹೊಳೆದಂಡೆ:
ಎಲ್ರಿಗೂ ನಮಸ್ಕಾರ. ಕೊಡಗಲ್ಲಿ ಕಾವೇರಿ ದಡದಲ್ಲಿ ಒಂದು ಬೋರ್ಡ್ ನಿಲ್ಲಿಸ್ಬೇಕು, ಇಂಗ್ಲಿಷ್ ಮ್ಯಾಟರ್ ಕೊಟ್ಟಿದಾರೆ, ಕನ್ನಡ ನನ್ನ ತಲೆಗೆ ಕಟ್ಟಿದಾರೆ, ನಾಳೆ ಸಂಜೆ ಒಳಗೆ ಪೇಂಟರ್ ಕೈಗೆ ಹೋಗ್ಬೇಕು. ಶಿವರಾತ್ರಿ ಕಳೀತು, ನೀರು ಇಳಿದು ತಿಳಿಯಾಗಿದೆ, ಇನ್ನು ಮುಂಗಾರು ಹಿಡಿಯೋ ತನಕ ಶನಿವಾರ ಭಾನುವಾರ ಬೆಂಗಳೂರು ಮೈಸೂರಿಂದ ರಾಡ್ ರೀಲ್ ಇಟ್ಕೊಂಡು ಬರೋರು ಒಂದ್ ಕಡೆ, ಬಿದಿರು ಕೋಲು ಹಿಡ್ಕೊಂಡು ಬರೋ ಊರಿನವರು ಇನ್ನೊಂದ್ ಕಡೆ. ಬೋರ್ಡ್ ಇಬ್ರಿಗೂ ಅರ್ಥ ಆಗ್ಬೇಕು. ಸದ್ಯಕ್ಕೆ ಹೀಗಿದೆ:

1. ಪರ್ಮಿಟ್ ಇದ್ದವರಿಗೆ ಮಾತ್ರ ಮೀನುಗಾರಿಕೆ
2. ಮೀನು ಹಿಡಿದು ಬಿಡಿ
3. ಬಾರ್ಬ್ ಇಲ್ಲದ ಹುಕ್ ಮಾತ್ರ ಬಳಸಿ
4. ಮಹಶೀರ್ ಮೀನು ಉಳಿಸಿ

ಮೊದಲನೇದ್ರಲ್ಲಿ ಮೂಲ ಪದ 'ಆಂಗ್ಲಿಂಗ್'. ಎರಡನೇದ್ರಲ್ಲಿ 'ಕ್ಯಾಚ್ ಅಂಡ್ ರಿಲೀಸ್', ಅಂದ್ರೆ ಹಿಡಿದ ಮೀನನ್ನ ವಾಪಸ್ ನೀರಿಗೇ ಬಿಡೋದು. ಮೀನುಗಾರಿಕೆ ಅಂದ್ರೆ ಸಾಕಾ? ಬಾರ್ಬ್‌ಗೆ, ಅಂದ್ರೆ ಹುಕ್ ತುದೀಲಿ ಹಿಂದಕ್ಕೆ ಎದ್ದಿರೋ ಚೂರಿಗೆ, ಕನ್ನಡ ಇದೆಯಾ? ದಯವಿಟ್ಟು ಮೊದ್ಲು ಪದ ಕೊಡಿ, ಜಗಳ ಆಮೇಲೆ ಆಡಿ.

ಕಡ್ಡಿತುಂಡು:
ಆಂಗ್ಲಿಂಗ್ = ಗಾಳ ಹಾಕೋದು. ಹುಕ್ = ಗಾಳ. ಮುಗೀತು.
2ನೇ ಸಾಲು ಹಾಗೇ ಬರೆಸಿದ್ರೆ ಹೊಳೇಲಿ ಒಂದು ಮೀನೂ ಉಳಿಯಲ್ಲ.

ಹೊಳೆದಂಡೆ:
ಯಾಕೆ ಸರ್?

ಕಡ್ಡಿತುಂಡು:
ತಿಂದುಬಿಡಿ. ಮಲಗಿಬಿಡಿ. ಹಿಡಿದುಬಿಡಿ. ಮಧ್ಯ ಜಾಗ ಬಿಟ್ಟಿದೀನಿ ಅಂತೀರಾ? ಆ ಜಾಗ ಪೇಂಟರ್ ಉಳಿಸಲ್ಲ, ಅವನು ಉಳಿಸಿದ್ರೂ ಓದೋನು ಕೂಡಿಸಿಯೇ ಓದ್ತಾನೆ. "ಯೋಚಿಸ್ಬೇಡಿ, ಹಿಡಿದೇ ಬಿಡಿ" ಅಂತ ಆಯ್ತು ನಿಮ್ಮ ಬೋರ್ಡು.

ನಿಘಂಟುಪ್ರಿಯ:
ಬಿಡು ಧಾತುವಿನ ವಿಷಯ ಸರಿಯಾಗಿ ಹಿಡಿದಿದ್ದೀರಿ, ಆದರೆ 'ಗಾಳ ಹಾಕೋದು' ಸಾರ್ವಜನಿಕ ಫಲಕಕ್ಕೆ ಶೋಭಿಸುವ ಮಾತಲ್ಲ. ಇವತ್ತು ಗಾಳ ಹಾಕೋದು ಅಂದ್ರೆ ಪಕ್ಷಾಂತರ ಮಾಡಿಸೋದು, ಹುಡುಗೀರ ಹಿಂದೆ ಬೀಳೋದು, ಫೋನ್ ಮಾಡಿ ಓಟಿಪಿ ಕೇಳೋದು. 'ಮತ್ಸ್ಯಕ್ರೀಡೆ' ಅನ್ನಿ, ಗೌರವ ಇದೆ. ಕ್ಯಾಚ್ ಅಂಡ್ ರಿಲೀಸ್‌ಗೆ 'ಗ್ರಹಣ-ವಿಮೋಚನ'. ಹುಕ್‌ಗೆ ಸಂಸ್ಕೃತದಲ್ಲಿ 'ಬಡಿಶ' ಅಂತ ಸೊಗಸಾದ ಪದ ಇದೆ, ಬಳಸುವವರಿಲ್ಲ ಅಷ್ಟೇ. ಮತ್ಸ್ಯ ನಮ್ಮ ಜನಕ್ಕೆ ಪರಕೀಯ ಅಂತ ಯಾರೂ ಹೇಳಲಾರರು: ತೀರ್ಥಹಳ್ಳಿ ಹತ್ತಿರ ತುಂಗೆಯಲ್ಲಿ ಚಿಪ್ಪಲಗುಡ್ಡೆ ಮತ್ಸ್ಯಧಾಮ ಇದೆ, ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಮತ್ಸ್ಯತೀರ್ಥ ಇದೆ.

ಅಚ್ಚಗನ್ನಡಿಗ:
ಗ್ರಹಣ-ವಿಮೋಚನ ಅಂತ ಬರೆಸಿ, ಜನ ಗ್ರಹಣ ಬಿಡ್ತು ಅಂತ ಹೊಳೇಲಿ ಮುಳುಗೆದ್ದು ಮನೆಗೆ ಹೋಗ್ತಾರೆ, ಮೀನುಗಳೂ ಬಚಾವ್.

ಈ ಮತ್ಸ್ಯದ ಹುಚ್ಚು ಸರ್ಕಾರಕ್ಕೂ ಇದೆ ಬಿಡಿ, ಇಲಾಖೆ ಹೆಸರು ಮೀನುಗಾರಿಕೆ, ಅದೇ ಇಲಾಖೆ ಮನೆ ಕಟ್ಟಿಸಿಕೊಟ್ರೆ 'ಮತ್ಸ್ಯಾಶ್ರಯ', ದಿಲ್ಲಿಯಿಂದ ದುಡ್ಡು ಬಂದ್ರೆ 'ಮತ್ಸ್ಯ ಸಂಪದ'. ಮೀನು ಅನ್ನೋದು ಬಡವರ ಪದ, ದುಡ್ಡು ಸೇರಿದ ಕೂಡಲೇ ಮತ್ಸ್ಯ. ತಮಾಷೆ ಏನಂದ್ರೆ ಸಂಸ್ಕೃತದ 'ಮೀನ' ನಮ್ಮ ಕಡೆಯಿಂದ ಹೋದದ್ದು ಅಂತ ಎಷ್ಟೋ ಜನ ವಿದ್ವಾಂಸರೇ ಒಪ್ತಾರೆ. ಮೀನ್ ಅಂದ್ರೆ ಹೊಳೆಯೋದು, ಮಿನುಗು ಮಿಂಚು ಎಲ್ಲ ಅದೇ ಬೇರು, ಅದಕ್ಕೇ ತಮಿಳಲ್ಲಿ ಆಕಾಶದ ಚುಕ್ಕಿಗೂ ವಿಣ್ಮೀನ್ ಅಂತಾರೆ. ರಾಶಿಚಕ್ರದಲ್ಲಿ ಕೂತಿರೋ ಮೀನ ನಮ್ಮ ಹೊಳೆ ಮೀನೇ, ಅದನ್ನ ಸಾಲ ಕೊಟ್ಟು ಈಗ ಮತ್ಸ್ಯ ಅಂತ ಸಾಲ ತರೋದು ಯಾವ ಲೆಕ್ಕ.

ಇನ್ನೊಂದು. ಬೋರ್ಡಲ್ಲಿ ಬೇಟ್ ವಿಷಯ ಬಂದ್ರೆ 'ಎರೆ' ಅಂತ ಬರೆಸಿ. ಎರೆಹುಳು ಅನ್ನೋದು ಎರೆಮಣ್ಣಿನಿಂದ ಬಂದಿದ್ದಲ್ಲ, ಗಾಳಕ್ಕೆ ಹಾಕೋ ಎರೆಯಿಂದ ಬಂದಿದ್ದು. ತಮಿಳಲ್ಲಿ ಇವತ್ತಿಗೂ ಇರೈ ಅಂದ್ರೆ ಹಕ್ಕಿ ಪ್ರಾಣಿ ತಿನ್ನೋ ತುತ್ತು. ಎರಡು ಎರೆ ಒಂದರ ಮೇಲೊಂದು ಬಿದ್ದು ಅರ್ಥ ಮಸುಕಾಗಿದೆ ನೋಡಿ.

ನಿಘಂಟುಪ್ರಿಯ:
'ಮೀನುಗಾರ'ದ ಗಾರ ಎಲ್ಲಿಂದ ಬಂತು ಸ್ವಾಮಿ? ಕಾರ. ಅದನ್ನೂ ವಾಪಸ್ ಕೊಡಿ ಹಾಗಾದ್ರೆ.

ಹೊಳೆದಂಡೆ:
ಬೋರ್ಡಲ್ಲಿ ಬೇಟ್ ವಿಷಯ ಇಲ್ಲ. ನಾಲ್ಕೇ ಸಾಲು ಇರೋದು. ಪ್ಲೀಸ್.

ಮಲೆನಾಡಿಗ:
ಮೇಲಿನವರು ಯಾರಾದ್ರೂ ಕೈಯಲ್ಲಿ ಕೋಲು ಹಿಡಿದು ಹೊಳೆ ಹತ್ರ ಕೂತಿದೀರಾ ಅಂತ ಅನುಮಾನ.

ಮೊದ್ಲು 'ಮೀನುಗಾರಿಕೆ' ತೆಗೀರಿ. ಅದು ಹೊಟ್ಟೆಪಾಡಿನ ಕಸುಬಿನ ಹೆಸರು, ಬೆಸ್ತರು ಅಂಬಿಗರು ಮೊಗವೀರರು ಮಾಡೋದು, 1996ರ ಕಾಯ್ದೆಗೆ ಒಳನಾಡು ಮೀನುಗಾರಿಕೆ ಅಂತ ಹೆಸರಿಟ್ಟಿದ್ದು ಸರಿನೇ, ಯಾಕಂದ್ರೆ ಅದು ಗುತ್ತಿಗೆ ಸೊಸೈಟಿ ಪರವಾನಗಿ ಎಲ್ಲ ಸೇರಿದ ವ್ಯವಹಾರ, ಆದ್ರೆ ಭಾನುವಾರ ಮಧ್ಯಾಹ್ನ ಒಂದು ಕೋಲು ತಗೊಂಡು ಹೋದೋನು ಬಂದ್ಮೇಲೆ "ಮೀನುಗಾರಿಕೆಗೆ ಹೋಗಿದ್ದೆ" ಅಂತ ಯಾವತ್ತಾದ್ರೂ ಹೇಳಿದಾನಾ? ಗಾಳ ಹಾಕಕ್ಕೆ ಹೋಗಿದ್ದೆ ಅಂತಾನೆ. ನಮ್ಮ ಕಡೆ ಅದೂ ಅಲ್ಲ, 'ಗಾಣ' ಅಂತೀವಿ, ಗಾಣದ ಕೋಲು, ಗಾಣ ಹಾಕದು. ಅದನ್ನ ಬೋರ್ಡಿಗೆ ಹಾಕಿ ಅಂತ ನಾನೇನೂ ಹೇಳಲ್ಲ, ಮಂಡ್ಯದವರು ಓದಿದ್ರೆ ಇಲ್ಲಿ ಆಲೆಮನೆ ಮಾಡಂಗಿಲ್ಲ ಅಂದ್ಕೊಳ್ತಾರೆ.

ಇನ್ನೊಂದು ಕಡೆ ನಿಮ್ಮ ಬೋರ್ಡ್ ಸೋರ್ತಿದೆ. ಬರೀ ಗಾಳದ ನಿಯಮ ಬರೆದ್ರೆ ಕೂಣಿಯವನು, ಬಲೆಯವನು ಇದು ನನಗಲ್ಲ ಅಂತ ಇಳೀತಾನೆ. ಕನ್ನಡದಲ್ಲಿ ಮೀನು ಹಿಡಿಯೋದಕ್ಕೆ ಒಂದೇ ಹೆಸರಿಲ್ಲ, ಕಾಲಕ್ಕೊಂದು ಇದೆ. ಈಗ ಬೇಸಿಗೇಲಿ ಸಾಗರ ಸೊರಬ ಕಡೆ ಕೆರೆ ನೀರು ಮೊಣಕಾಲಿಗೆ ಬಂದಾಗ ಕೆರೆಬೇಟೆ, ಊರವರು ದಿನ ಗೊತ್ತು ಮಾಡಿ ಕೂಣಿಗಿಷ್ಟು ಅಂತ ದುಡ್ಡು ಕಟ್ಟಿಸ್ಕೊಂಡು ಒಟ್ಟಿಗೆ ಇಳಿಯೋದು. ಕೂಣಿ ಅಂದ್ರೆ ಬಿದಿರು ಕಡ್ಡಿಯ ಬುಟ್ಟಿ ಥರದ್ದು, ತಳ ಅಗಲ, ಮೇಲೆ ಕೈ ಹೋಗೋಷ್ಟು ಬಾಯಿ, ಎರಡೂ ಕಡೆ ತೆರೆದಿರುತ್ತೆ. ಕೆಸರಲ್ಲಿ ಒತ್ತಿದ್ರೆ ಒಳಗೆ ಸಿಕ್ಕ ಮೀನು ಕಡ್ಡಿಗೆ ಟಪಟಪ ಅಂತ ಹೊಡ್ಕೊಳ್ಳೋದು ಅಂಗೈಗೆ ಗೊತ್ತಾಗುತ್ತೆ, ಆಗ ಮೇಲಿನ ಬಾಯಿಂದ ತೋಳು ಇಳಿಸಿ ತಡಕಿ ಹಿಡೀಬೇಕು, ಚೇಳುಮೀನಾದ್ರೆ ಚುಚ್ಚಿಸ್ಕೊಂಡೇ. ಅಲ್ಲಿ ಯಾರೂ ಮೀನುಗಾರಿಕೆ ಅನ್ನಲ್ಲ, ಬೇಟೆ. ಮಳೆ ಬಿದ್ದು ಹೊಸನೀರಿಗೆ ಮೀನು ಗದ್ದೆ ಕಡೆ ಏರ್ತಾವಲ್ಲ, ಅದು ಹತ್ತುಮೀನು, ತುಳುವಿನವರು ಉಬರ್ ಅಂತಾರೆ. ಮೊಟ್ಟೆ ತುಂಬ್ಕೊಂಡು ಹತ್ತೋ ಮೀನು, ಅದನ್ನ ಕಡಿಯೋದೇ ಶಿಕಾರಿ ಅಂದ್ಕೊಂಡವರು ನಮ್ಮಲ್ಲಿ ಬೇಕಾದಷ್ಟು ಇದಾರೆ, ಅದು ಬೇರೆ ಜಗಳ.

ಅದಕ್ಕೆ ಒಂದು ಸಾಲು ಸೇರಿಸಿ: ಬಲೆ, ಕೂಣಿ, ತೋಟೆ, ವಿಷ ಹಾಕುವಂತಿಲ್ಲ. ತೋಟೆ ಅಂದ್ರೆ ಸಿಡಿಮದ್ದು, 'ಸ್ಫೋಟಕ' ಅಂತ ಬರೆದ್ರೆ ತೋಟೆ ಹೊಡೆಯೋನಿಗೆ ಅದು ತನಗೆ ಅಂತ ಅನ್ಸಲ್ಲ.

ಬಾರ್ಬ್: ಗಾಳದ ತುದಿ ಚೂಪಾದ್ಮೇಲೆ ಒಂಚೂರು ಹಿಂದೆ, ಎದುರು ದಿಕ್ಕಿಗೆ ಎದ್ದಿರೋ ಚೂರು ಇದೆಯಲ್ಲ, ಹುಳ ಜಾರದ ಹಾಗೆ, ಕಚ್ಚಿದ ಮೀನು ಕಳಚ್ಕೊಳ್ಳದ ಹಾಗೆ ಹಿಡಿಯೋದು. ನಾವು ಮುಳ್ಳು ಅಂತೀವಿ. ಅಂಗಡೀಲಿ ಮುಳ್ಳಿಲ್ಲದ ಗಾಳ ಸಿಗದಿದ್ರೆ ಇಕ್ಕಳದಲ್ಲಿ ಆ ಮುಳ್ಳನ್ನ ಅಮುಕಿ ಚಪ್ಪಟೆ ಮಾಡಿದ್ರೂ ಆಯ್ತು, ಬೆರಳು ಸವರಿದ್ರೆ ತಡೀಬಾರ್ದು. "ಮುಳ್ಳಿಲ್ಲದ ಒಂಟಿ ಗಾಳ" ಅಂತ ಬರೀರಿ, ಮೂರು ಕೊಕ್ಕೆಯದ್ದೂ ತರ್ತಾರೆ ಸಿಟಿಯವರು.

ಅಚ್ಚಗನ್ನಡಿಗ:
ಮುಳ್ಳು ಅಂದ್ರೆ ಮೀನಿನ ಮೂಳೆ ಅಂತಲೂ ಆಗುತ್ತೆ. ಎದುರುಮುಳ್ಳು ಅಥವಾ ಹಿಮ್ಮುಳ್ಳು ಅನ್ನಬಹುದು, ಹಿಮ್ಮಡಿ ಹಿಮ್ಮೇಳ ಥರ.

ಮಲೆನಾಡಿಗ:
"ಹಿಮ್ಮುಳ್ಳಿಲ್ಲದ". ನೀವೇ ಒಂದ್ಸಲ ಜೋರಾಗಿ ಓದಿ ನೋಡಿ.

ಕಡ್ಡಿತುಂಡು:
ಗಾಳದ ಮುಂದೆ ಮುಳ್ಳು ಅಂತ ಇದ್ರೆ ಯಾರಿಗೂ ಮೀನಿನ ಮೂಳೆ ನೆನಪಾಗಲ್ಲ. ಮುಂದಿನದು.

ಹೊಳೆದಂಡೆ:
ಮಲೆನಾಡಿಗರಿಗೆ ತುಂಬಾ ಥ್ಯಾಂಕ್ಸ್. ಇನ್ನು ಮಹಶೀರ್. ಕೆಳಗೆ ಚಿತ್ರ ಹಾಕಿಸ್ತಿದೀವಿ, ಆದ್ರೂ ಹೆಸರು ಬೇಕು. ಮಹಶೀರ್ ಅಂತಲೇ ಬಿಡ್ಲಾ?

ನಿಘಂಟುಪ್ರಿಯ:
'ಮಹಾಶಿರ', ದೊಡ್ಡ ತಲೆಯದ್ದು. ಶುದ್ಧ ರೂಪ ಬರೆಸಿ, 'ಮಹಶೀರ್' ಅಪಭ್ರಂಶ.

ಅಚ್ಚಗನ್ನಡಿಗ:
ಪಾರಸಿಯ ಮಾಹಿ ಮತ್ತು ಶೇರ್, ಮೀನು-ಹುಲಿ ಅನ್ನೋರೂ ಇದಾರೆ. ಯಾವುದೂ ಇತ್ಯರ್ಥ ಆಗಿಲ್ಲ, ಆಗದೇ ಇರೋದನ್ನ ಶುದ್ಧ ರೂಪ ಅಂತ ಬೋರ್ಡಿಗೆ ಏರಿಸ್ಬೇಡಿ. ಶಿಶಿಲದಲ್ಲಿ ತುಳುವರು ಇದನ್ನ ಪೆರುವೋಳು ಅಂತಾರೆ. ಆ 'ಪೆರು' ನೋಡಿ, ನಮ್ಮ ಹಳಗನ್ನಡದ ಪೆರ್, ಹಿರಿದು. ಪೆರ್ಬಾಗಿಲ್ ಹೆಬ್ಬಾಗಿಲಾಯ್ತು, ಪೆರ್ಮರ ಹೆಮ್ಮರ ಆಯ್ತು. ಹಾಗೇ ಪೆರ್ ಮೀನ್ ಸೇರಿದ್ರೆ ಹೆಮ್ಮೀನು. ಹೆಮ್ಮೀನು! ಇಷ್ಟು ಚೆಂದದ ಪದ ಮಡಿಲಲ್ಲಿ ಇಟ್ಕೊಂಡು ಪಾರಸಿಗೋ ಸಂಸ್ಕೃತಕ್ಕೋ ಕೈ ಚಾಚ್ತೀವಿ.

ಕಡ್ಡಿತುಂಡು:
ಯಾರೂ ಆಡದ ಪದ ಚೆಂದ ಇದ್ದು ಏನು ಉಪಯೋಗ.

ಅಚ್ಚಗನ್ನಡಿಗ:
ಆಡದೇ ಇರೋದು ನಾವು ಬರೆಯದೇ ಇರೋದ್ರಿಂದ. ದೂರದರ್ಶನ ಅಂತ ಯಾರು ಆಡ್ತಿದ್ರು? ಬರೆದು ಬರೆದು ರೂಢಿ ಮಾಡಿದ್ರು. ಸಂಸ್ಕೃತದಲ್ಲಿ ಕಟ್ಟಿದ್ರೆ ಪಾರಿಭಾಷಿಕ, ಕನ್ನಡದಲ್ಲಿ ಕಟ್ಟಿದ್ರೆ ನಗು. ಈ ಚರ್ಚೆ ಗುಂಪಲ್ಲಿ ವರ್ಷಗಟ್ಟಲೆ ಇದೇ ನೋಡ್ತಾ ಇದೀನಿ.

ನಿಘಂಟುಪ್ರಿಯ:
ನಗು ಬರೋದು ಕನ್ನಡದಲ್ಲಿ ಕಟ್ಟಿದ್ದಕ್ಕಲ್ಲ, ಅವಸರದಲ್ಲಿ ಕಟ್ಟಿದ್ದಕ್ಕೆ.

ಕಾವೇರಿಕೆಳಗಣ:
ಇಷ್ಟೊತ್ತು ಓದ್ತಾ ಇದ್ದೆ. ನಮ್ಮ ಕಡೆ, ಕಾವೇರಿ ಕೆಳಗೆ, ಬಿಳಿಮೀನು ಅಂತಾರೆ, ದೇವಸ್ಥಾನದ ಮಡುವಿನಲ್ಲಿದ್ರೆ ದೇವರ ಮೀನು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಕ್ಯಾಂಪ್‌ಗಳಲ್ಲಿ ಗಾಳ ನಡೀತಿದ್ದ ಕಾಲದಲ್ಲಿ ರಾಗಿಹಿಟ್ಟು ಬೇಯಿಸಿ ನಾದಿ ನಿಂಬೆಹಣ್ಣಿನಷ್ಟು ಉಂಡೆ ಮಾಡಿ ಗಾಳ ಕಾಣದಂಗೆ ಮುಚ್ಚಿ ಎಸೀತಿದ್ರು, ವಿದೇಶದವರ ಬಾಯಲ್ಲೂ ರಾಗಿ ರಾಗಿನೇ ಆಗಿತ್ತು, ಅದನ್ನ ಅನುವಾದ ಮಾಡಿ ಅಂತ ಯಾರೂ ಕೂತಿರಲಿಲ್ಲ. ಅಭಯಾರಣ್ಯದ ಒಳಗೆ ಗಾಳ ಹಾಕೋದೂ 1972ರ ವನ್ಯಜೀವಿ ಕಾಯ್ದೆ ಲೆಕ್ಕದಲ್ಲಿ ಬೇಟೆನೇ ಅಂತಾದ್ಮೇಲೆ ಅದೆಲ್ಲ ನಿಂತುಹೋಯ್ತು. ಮಲೆನಾಡಿನವರು ಬೇಟೆ ಅಂತ ಕರೆದದ್ದನ್ನೇ ಕಾನೂನೂ ಹೇಳ್ತು ನೋಡಿ.

ಹೆಸರಿನ ಬಗ್ಗೆ ಒಂದು ಎಚ್ಚರಿಕೆ. ಕಾವೇರಿಯಲ್ಲಿ ಈಗ ಎರಡು ಥರ ಇವೆ. ಬೆನ್ನು ಗೂನಾಗಿ, ರೆಕ್ಕೆ ಬಾಲ ಕಿತ್ತಳೆ ಬಣ್ಣ ಇರೋದು ಇಲ್ಲಿಯದ್ದೇ, ಕಾವೇರಿ ಹೊಳೆಸಾಲು ಬಿಟ್ರೆ ಬೇರೆಲ್ಲೂ ಇಲ್ಲ. ಅದಕ್ಕೆ ವೈಜ್ಞಾನಿಕ ಹೆಸರು 'ಟಾರ್ ರೆಮಾದೇವಿ' ಅಂತ ಗಟ್ಟಿಯಾಗಿದ್ದೇ 2018ರಲ್ಲಿ, ಅದೇ ವರ್ಷ ಅಳಿವಿನ ಅಂಚಿನ ಕಟ್ಟಕಡೆಯ ಪಟ್ಟಿಗೂ ಸೇರ್ತು. ಇನ್ನೊಂದು ನೀಲಿ ರೆಕ್ಕೆಯದ್ದು, ಹ್ಯಾಚರಿಯಲ್ಲಿ ಮರಿ ಮಾಡಿಸಿ ತಂದು ಬಿಟ್ಟಿದ್ದು, ಅದು ಬೆಳೆದು ಇದರ ಜಾಗ ತಿಂತು ಅಂತ ಬಲ್ಲವರು ಹೇಳ್ತಾರೆ. ದಡದಲ್ಲಿ ನಿಂತೋನು ಮರಿ ನೋಡಿ ಯಾವುದು ಅಂತ ಹೇಳಕ್ಕಾಗಲ್ಲ. ಅದಕ್ಕೆ "ಮಹಶೀರ್ ಉಳಿಸಿ" ಅನ್ನೋ ಬದಲು ಹಿಡಿದ ಎಲ್ಲ ಮೀನೂ ನೀರಿಗೆ ಅಂತ ಬರೆದ್ರೆ ಗುರುತು ಹಿಡಿಯೋ ತಾಪತ್ರಯನೇ ಇಲ್ಲ. ಬಿಡಿ ಅನ್ನೋದನ್ನ ಎರಡನೇ ಸಾಲಲ್ಲೇ ಸರಿಮಾಡಿ: "ಹಿಡಿದ ಮೀನನ್ನು ಜೀವಂತ ಹೊಳೆಗೆ ಬಿಡಬೇಕು". ಹೊಳೆಗೆ ಅಂತ ಮಧ್ಯ ಬಂದ್ರೆ ಹಿಡಿದುಬಿಡು ಆಗಲ್ಲ.

ಕಡ್ಡಿತುಂಡು:
ಇದು ಸರಿ. 'ಅಲ್ಲೇ' ಸೇರಿಸಿ, ಇಲ್ಲಾಂದ್ರೆ ಬಕೆಟ್‌ನಲ್ಲಿ ಇಟ್ಕೊಂಡು ಫೋಟೋ ಎಲ್ಲ ಮುಗಿಸಿ ಸಂಜೆ ಬಿಡ್ತಾರೆ.

ಹೊಳೆದಂಡೆ:
ಫೈನಲ್:

1. ಗಾಳ ಹಾಕಲು ಪರ್ಮಿಟ್ ಕಡ್ಡಾಯ
2. ಹಿಡಿದ ಎಲ್ಲ ಮೀನನ್ನೂ ಜೀವಂತವಾಗಿ ಅಲ್ಲೇ ಹೊಳೆಗೆ ಬಿಡಬೇಕು
3. ಮುಳ್ಳಿಲ್ಲದ ಒಂಟಿ ಗಾಳ ಮಾತ್ರ
4. ಬಲೆ, ಕೂಣಿ, ತೋಟೆ, ವಿಷ ಹಾಕುವಂತಿಲ್ಲ

ಚಿತ್ರದ ಕೆಳಗೆ ಸಣ್ಣದಾಗಿ 'ಬಿಳಿಮೀನು (ಮಹಶೀರ್)'.

ಅಚ್ಚಗನ್ನಡಿಗ:
ಪರ್ಮಿಟ್ ಯಾಕೆ? ಒಪ್ಪಿಗೆಚೀಟಿ ಅನ್ನಿ.

ನಿಘಂಟುಪ್ರಿಯ:
ಅನುಮತಿ ಪತ್ರ. ರೂಢಿಯಲ್ಲೂ ಇದೆ, ಅರ್ಥವೂ ಸ್ಪಷ್ಟ.

ಮಲೆನಾಡಿಗ:
ಪರವಾನಗಿ ಅಂತ ಇದೆಯಲ್ಲ, ಫಾರೆಸ್ಟ್‌ನವರ ಬಾಯಲ್ಲಿ ದಿನಾ ಇರೋ ಪದ.

ಅಚ್ಚಗನ್ನಡಿಗ:
ಅದೂ ಪಾರಸಿ. ರಹದಾರಿಯೂ ಪಾರಸಿ. ಒಂದು ಚೀಟಿ ತೋರಿಸಕ್ಕೆ ಕನ್ನಡದವರಿಗೆ ಕನ್ನಡದಲ್ಲಿ ಪದ ಬೇಡವಾ?

ಕಾವೇರಿಕೆಳಗಣ:
ಕೊಡೋ ಚೀಟಿ ಮೇಲೇ ಪರ್ಮಿಟ್ ಅಂತ ಅಚ್ಚಾಗಿದ್ರೆ ಬೋರ್ಡಲ್ಲಿ ಬೇರೆ ಬರೆದು ಏನ್ ಮಾಡ್ತೀರಿ. ದಡದಲ್ಲಿ ನಿಂತಿರೋ ಗಾರ್ಡ್ "ಪರ್ಮಿಟ್ ತೋರ್ಸಿ" ಅಂತಲೇ ಕೇಳೋದು.

ಹೊಳೆದಂಡೆ:
ಪೇಂಟರ್‌ಗೆ ಕಳಿಸ್ದೆ. ಪರ್ಮಿಟ್ ಅಂತಲೇ ಇದೆ.

ಕಡ್ಡಿತುಂಡು:
ಪರ್ಮಿಟ್ಟು.