ಪದಚರ್ಚೆ: ‘ಬಫರ್’ಗೆ ‘ಹಸಿರು ತಡೆಗೋಡೆ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕಡೆ ಕಾರ್ಖಾನೆಯ ಮಗ್ಗುಲಲ್ಲೇ ಫ್ಲಾಟ್ ಕೊಳ್ಳುವವರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇವೆ. ಎರಡರ ನಡುವೆ ಮರ ನೆಟ್ಟು ಬಿಡುವ ಜಾಗಕ್ಕೆ, ಅಂದರೆ ‘ಬಫರ್’ಗೆ, ಕರಡಿನಲ್ಲಿ ‘ಹಸಿರು ತಡೆಗೋಡೆ’ ಎಂದಿದೆ. ಸರಿಯೇ? ಒಂದೇ ಬದಿಗೆ ಮನೆಗಳಿರುವ ‘ಸಿಂಗಲ್ ಲೋಡೆಡ್ ಕಾರಿಡಾರ್’ಗೂ ಒಂದು ಮಾತು ಬೇಕು. ತಿಳಿದವರು ಹೇಳಿ.

ಉತ್ತರ:

ನಮಸ್ಕಾರ ಸರ್. ‘ತಡೆಗೋಡೆ’ ದಯವಿಟ್ಟು ಬೇಡ. ಮರ ನೆಟ್ಟರೆ ಸದ್ದು ನಿಲ್ಲುತ್ತದೆ ಎಂದು ಓದುವವರು ನಂಬಿಬಿಡುತ್ತಾರೆ. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ ಕೈಗಾರಿಕಾ ಪ್ರದೇಶಕ್ಕೆ 70 ಡೆಸಿಬಲ್, ವಸತಿ ಪ್ರದೇಶಕ್ಕೆ 45. ವ್ಯತ್ಯಾಸದ ಈ 25 ಡೆಸಿಬಲ್ ಕಾರ್ಖಾನೆಗೂ ಮನೆಗೂ ನಡುವೆಯೇ ಎಲ್ಲೋ ಇಳಿಯಬೇಕು. 30 ಮೀಟರ್ ಅಗಲಕ್ಕೆ ಪೊದೆಸಮೇತ ದಟ್ಟವಾಗಿ ಬೆಳೆಸಿದರೂ ಮರಗಳಿಂದ ಇಳಿಯುವುದು 5ರಿಂದ 8. ಕಾಂಪೌಂಡಿನುದ್ದ ನೆಟ್ಟ ಒಂದು ಸಾಲು ಮರ ಸದ್ದಿನ ಲೆಕ್ಕಕ್ಕೇ ಬರುವುದಿಲ್ಲ. ಧೂಳನ್ನೇನೋ ಎಲೆಗಳು ಚೆನ್ನಾಗಿ ಹಿಡಿಯುತ್ತವೆ. ಹಾಗಾಗಿ ಅದನ್ನು ‘ಮರಪಟ್ಟಿ’ ಎನ್ನಿ, ಸಾಕು.

ಸದ್ದಿಗೆ ‘ಸದ್ದುಗೋಡೆ’ ಎಂದು ಬೇರೆಯೇ ಪದವಿರಲಿ. ಅದು ಚದರ ಮೀಟರಿಗೆ 20 ಕೆಜಿಯಾದರೂ ತೂಗಬೇಕು. ತೆಳು ತಗಡು ಸಾಲದು. ಕಿಟಕಿಯಲ್ಲಿ ನಿಂತವರಿಗೆ ಜನರೇಟರ್, ಕಂಪ್ರೆಸರ್ ಮರೆಯಾಗುವಷ್ಟು ಎತ್ತರ ಬೇಕು. ಅಷ್ಟಾದರೆ ಸುಮಾರು 5 ಡೆಸಿಬಲ್ ಇಳಿಯುತ್ತದೆ, ಇನ್ನೂ ಏರಿಸಿದರೆ ಇನ್ನಷ್ಟು. ಬುಡದಲ್ಲಿ ಮಳೆನೀರಿಗೆಂದು ಬಿಟ್ಟ ಕಿಂಡಿಯಲ್ಲೂ ಸದ್ದು ನುಸುಳುತ್ತದೆ. ಮೂರನೇ ಮಹಡಿಯಿಂದ ಗೋಡೆಯಾಚೆಯ ಯಂತ್ರ ಕಾಣುತ್ತಿದ್ದರೆ ಆ ಮನೆಗೆ ಗೋಡೆ ಇದ್ದೂ ಇಲ್ಲ.

ಮೇಲಿನ ಮಹಡಿಗಳನ್ನು ಕಾಯುವುದು ನೀವು ಕೇಳಿದ ಎರಡನೆಯದು, ‘ಸಿಂಗಲ್ ಲೋಡೆಡ್ ಕಾರಿಡಾರ್’. ‘ಒಂದು ಮಗ್ಗುಲ ಮೊಗಸಾಲೆ’ ಎಂದರೆ ಹೇಗೆ? ಕಾರ್ಖಾನೆಯ ಕಡೆ ಮೊಗಸಾಲೆ, ಮೆಟ್ಟಿಲು, ಲಿಫ್ಟ್. ಅದಕ್ಕೆ ತಾಗಿ ಅಡುಗೆಮನೆ, ಬಚ್ಚಲು. ಮಲಗುವ ಕೋಣೆಗಳೆಲ್ಲ ಆಚೆ ಬದಿಗೆ. ಮೊಗಸಾಲೆಗೆ ಗ್ರಿಲ್ ಬದಲು ಸಂದಿಲ್ಲದ ಅರೆಗೋಡೆ ಕಟ್ಟಿ, ಸೂರಿನಡಿ ಸದ್ದು ಹೀರುವ ಹಲಗೆ ಹೊದಿಸಬೇಕು. ಸೂರನ್ನು ಬರೀ ಕಾಂಕ್ರೀಟಾಗಿಯೇ ಉಳಿಸಿದರೆ ಸದ್ದು ಅದಕ್ಕೆ ಬಡಿದು ನೇರ ಅಡುಗೆಮನೆಯ ಕಿಟಕಿಗೆ ಬರುತ್ತದೆ. ಮನೆಗೆ ಎರಡೂ ಕಡೆ ಕಿಟಕಿ ಸಿಗುವುದರಿಂದ ಗಾಳಿಯೂ ಆಡುತ್ತದೆ. ಕಿಟಕಿ ಮುಚ್ಚಿ ವರ್ಷವಿಡೀ ಏಸಿ ಹಾಕಿಸುವ ಕಟ್ಟಡವನ್ನು ‘ಸುಸ್ಥಿರ’ ಎಂದು ಕರೆಯಬೇಡಿ.

‘ಗಾಳಿಮುಖ’, ಅಂದರೆ ಗಾಳಿ ಬೀಸಿಬರುವ ಬದಿ, ಎಂಬ ಪದವನ್ನೂ ಸೇರಿಸಿ. ಮುಂಗಾರಿನಲ್ಲಿ ನಮ್ಮಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ. ಚಿಮಣಿ ಆ ದಿಕ್ಕಿಗಿದ್ದರೆ ಹೊಗೆ ಮೊದಲು ಮೊಗಸಾಲೆಗೇ ಬರುವುದು. ಆಗ ಅತ್ತಣ ಕಿಟಕಿಗಳು ಬಿಗಿಯಾಗಿ ಮುಚ್ಚುವಂತಿದ್ದು, ಉಸಿರಾಡುವ ಗಾಳಿಯನ್ನು ಮೂಡಣದ ಕಡೆಯಿಂದಲೇ ಒಳಗೆ ತರಬೇಕಾಗುತ್ತದೆ.