ಕ್ರೂಸ್ ಕ್ಯಾಬಿನ್‌ಗೆ ಬಿಡ್ ಹಾಕಬೇಕಾ ಬೇಡವಾ? ಅತ್ತೆ ಮಾವ ಜೊತೆಗಿದ್ದಾರೆ

ಹೇಮಾವತಿ_ತೀರ:

ಎಲ್ಲರಿಗೂ ನಮಸ್ಕಾರ. ನಾವಿರೋದು ಡಲ್ಲಾಸ್‌ನಲ್ಲಿ. ಮಾರ್ಚ್‌ನಲ್ಲಿ ಮಗಳ ಸ್ಕೂಲ್ ರಜೆಗೆ ಗ್ಯಾಲ್ವೆಸ್ಟನ್ ಬಂದರಿನಿಂದ ರಾಯಲ್ ಕೆರಿಬಿಯನ್ ಕಂಪನಿಯ 7 ರಾತ್ರಿ ಕ್ರೂಸ್ ಬುಕ್ ಮಾಡಿದ್ದೇವೆ. ಮೆಕ್ಸಿಕೊದ ಕೋಝುಮೆಲ್, ಹೊಂಡುರಾಸ್‌ನ ರೊಆಟಾನ್ ಕಡೆ ಹೋಗುವ ಓಯಾಸಿಸ್ ವರ್ಗದ ದೊಡ್ಡ ಹಡಗು. ಹಾಸನದಿಂದ ಅತ್ತೆ ಮಾವ ಬಂದಿದ್ದಾರೆ, ಅವರೂ ಬರುತ್ತಾರೆ. ಎರಡು ಕ್ಯಾಬಿನ್ ತಗೊಂಡಿದ್ದೇವೆ. ನಾವು ಮೂವರಿಗೆ (ಮಗಳಿಗೆ 9 ವರ್ಷ) ಬಾಲ್ಕನಿ, ನಮ್ಮ ಬಾಗಿಲಿಗೆ ಎದುರುಬದುರಾಗಿ ಅತ್ತೆ ಮಾವನಿಗೆ ಒಳಗಿನ ಕ್ಯಾಬಿನ್, ಅಂದರೆ ಕಿಟಕಿ ಇಲ್ಲದ್ದು. ಬುಕ್ ಮಾಡುವಾಗ ಸರಿ ಅನಿಸಿತ್ತು. ಈಗ ಊರಿಂದ ಬಂದ ಹಿರಿಯರನ್ನು ಕಿಟಕಿ ಇಲ್ಲದ ಕೋಣೆಗೆ ಹಾಕಿ ನಾವು ಬಾಲ್ಕನಿಯಲ್ಲಿ ಕಾಫಿ ಕುಡಿಯೋದಾ ಅಂತ ಸಂಕಟ ಶುರುವಾಗಿದೆ.

ಹೋದ ವಾರ ರಾಯಲ್‌ಅಪ್ ಅಂತ ಮೇಲ್ ಬಂತು, ಬಿಡ್ ಹಾಕಿ ಅಪ್‌ಗ್ರೇಡ್ ಮಾಡಿಕೊಳ್ಳಿ ಅಂತ. ಅತ್ತೆ ಮಾವನ ಕ್ಯಾಬಿನ್‌ಗೆ ಬಾಲ್ಕನಿ ಬೇಕಾದರೆ ಕನಿಷ್ಠ ತಲಾ 120 ಡಾಲರ್. ನಮಗೆ ಜೂನಿಯರ್ ಸೂಟ್ (ಬಾಲ್ಕನಿ ಕ್ಯಾಬಿನ್‌ಗಿಂತ ದೊಡ್ಡ ಕೋಣೆ) ಬೇಕಾದರೆ ಕನಿಷ್ಠ ತಲಾ 300. ನಮ್ಮ ಯಜಮಾನರ ಕಣ್ಣು ಬಿದ್ದಿರುವುದು ಈ ಜೂನಿಯರ್ ಸೂಟ್ ಮೇಲೆ. ಕಾರಣ ಕೇಳಿ: ನಾವು ಕ್ರೌನ್ ಅಂಡ್ ಆ್ಯಂಕರ್ ಅನ್ನುವ ಇವರ ಸದಸ್ಯತ್ವದಲ್ಲಿ ಎಮರಾಲ್ಡ್ ಹಂತ, 66 ಪಾಯಿಂಟ್ ಇದೆ. ಜೂನಿಯರ್ ಸೂಟ್‌ಗೆ ರಾತ್ರಿಗೆ ಎರಡು ಪಾಯಿಂಟ್, 7 ರಾತ್ರಿಗೆ 14, ಒಟ್ಟು 80, ಅಲ್ಲಿಗೆ ಮುಂದಿನ ಹಂತ ಡೈಮಂಡ್! ಕ್ಯಾಲ್ಕುಲೇಟರ್ ತೆಗೆದು ತೋರಿಸಿದರು.

ನನ್ನ ಪ್ರಶ್ನೆ ಇಷ್ಟು. ಈ ಲೆಕ್ಕ ಸರಿಯಾ? ಬಿಡ್ ಹಾಕುವಾಗ ಕೆಂಪು-ಹಸಿರು ಮೀಟರ್ ಒಂದು ತೋರಿಸುತ್ತದಲ್ಲ, ಅದನ್ನು ನಂಬಬಹುದಾ? ನಮ್ಮ ಎಮರಾಲ್ಡ್ ಸವಲತ್ತು ಅತ್ತೆ ಮಾವನಿಗೂ ಸಿಗುತ್ತಾ? ಮಾವನಿಗೆ ಮಂಡಿ ನೋವು, ಅತ್ತೆಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ, ಇದನ್ನೂ ಗಮನದಲ್ಲಿಟ್ಟುಕೊಂಡು ಹೇಳಿ.

ಬಾಲ್ಕನಿ_ಭಟ್ಟ:

ನಿಮ್ಮ ಯಜಮಾನರಿಗೆ ಮೊದಲು ಕೆಟ್ಟ ಸುದ್ದಿ. ಬಿಡ್‌ನಲ್ಲಿ ಗೆದ್ದ ಕ್ಯಾಬಿನ್‌ಗೆ ಡಬಲ್ ಪಾಯಿಂಟ್ ಇಲ್ಲ. ನೀವು ದುಡ್ಡು ಕೊಟ್ಟು ಮೊದಲು ಬುಕ್ ಮಾಡಿದ್ದು ಯಾವ ವರ್ಗವೋ ಪಾಯಿಂಟ್ ಅದಕ್ಕೇ. ಅಂದರೆ ಜೂನಿಯರ್ ಸೂಟ್‌ನಲ್ಲಿ ಮಲಗಿ ಎದ್ದರೂ ರಾತ್ರಿಗೆ ಒಂದೇ. 66ಕ್ಕೆ 7 ಸೇರಿ 73. ಡೈಮಂಡ್ ಕೈಗೆ ಬರಲ್ಲ. ಇದು ರಾಯಲ್‌ಅಪ್ ನಿಯಮದಲ್ಲೇ ಬರೆದಿದೆ, ಆದರೆ ಮೇಲ್‌ನಲ್ಲಿ ಬರುವ ಸೋಫಾ, ಬಾಲ್ಕನಿ ಫೋಟೋ ನೋಡಿದ ಮೇಲೆ ನಿಯಮದ ಪುಟ ಓದುವವರು ಯಾರು ಹೇಳಿ.

ಎರಡನೆಯದು, ಅಲ್ಲಿ ಕಾಣುವ 300 ತಲಾ ಲೆಕ್ಕ. ಕಾರ್ಡಿಂದ ಹೋಗುವುದು 600. ಒಂದು ಕ್ಯಾಬಿನ್‌ನಲ್ಲಿ ಎಷ್ಟೇ ಜನ ಇರಲಿ, ಇಬ್ಬರ ಲೆಕ್ಕಕ್ಕೆ ದುಡ್ಡು ತಗೊಳ್ತಾರೆ. ನಿಮ್ಮ ಮಗಳಿಗೆ ಬೇರೆ ಕೊಡಬೇಕಾಗಿಲ್ಲ, ಅಷ್ಟು ಲಾಭ. ಒಬ್ಬರೇ ಹೋದರೂ ಇಬ್ಬರದೇ ಲೆಕ್ಕ. ನಾನು ಒಮ್ಮೆ ಒಬ್ಬನೇ ಹೊರಟಿದ್ದೆ (ಯಾವ ಕಂಪನಿ ಅಂತ ಬೇಡ ಬಿಡಿ), 100 ಡಾಲರ್‌ಗೆ ಬಾಲ್ಕನಿ ಬಂತು ಅಂತ ಕುಣಿದೆ. ಕಾರ್ಡ್ ಬಿಲ್‌ನಲ್ಲಿ 200 ನೋಡಿದ ಮೇಲೆ ಕುಣಿತ ನಿಂತಿತು. ತಪ್ಪು ನಂದೇ, ಸಣ್ಣಕ್ಷರದಲ್ಲಿ ಬರೆದಿದ್ದರು.

ಮೀಟರ್ ಬಗ್ಗೆ ಹೇಳಬೇಕಂದರೆ, ಅದು ನಿಮ್ಮ ಬಿಡ್ ಎಷ್ಟು ದೊಡ್ಡದು ಅಂತ ತೋರಿಸುತ್ತದೆ ಅಷ್ಟೇ, ಕ್ಯಾಬಿನ್ ಸಿಗುತ್ತದೋ ಇಲ್ಲವೋ ಅನ್ನುವುದನ್ನಲ್ಲ. ಖಾಲಿ ಕ್ಯಾಬಿನ್ ಇಲ್ಲದಿದ್ದರೆ ಹಸಿರು ತುಂಬಿ ತುಳುಕಿದರೂ ಪ್ರಯೋಜನ ಇಲ್ಲ. ಖಾಲಿ ಇದ್ದರೆ ಎಷ್ಟೋ ಸಲ ಕನಿಷ್ಠ ಬಿಡ್‌ಗೇ ಬಂದುಬಿಡುತ್ತದೆ. ನಾನು ಮಾಡುವುದು ಹೀಗೆ: ಅದೇ ಹಡಗು, ಅದೇ ತಾರೀಕಿಗೆ ಹೊಸದಾಗಿ ಬುಕ್ ಮಾಡುವವನ ಹಾಗೆ ವೆಬ್‌ಸೈಟ್‌ಗೆ ಹೋಗಿ, ಎಷ್ಟು ಜೂನಿಯರ್ ಸೂಟ್ ಇನ್ನೂ ಮಾರಾಟಕ್ಕಿದೆ ಅಂತ ನೋಡುತ್ತೇನೆ. ವಾರಕ್ಕೊಮ್ಮೆ ನೋಡಿದರೆ ಅಂದಾಜು ಸಿಗುತ್ತದೆ. ಬಿಡ್ ಒಪ್ಪಿಗೆ ಆಗುವವರೆಗೆ ಏರಿಸಬಹುದು, ಇಳಿಸಬಹುದು, ತೆಗೆದೂ ಹಾಕಬಹುದು. ಒಪ್ಪಿಗೆ ಆದ ಮೇಲೆ ಮಾತ್ರ ವಾಪಸ್ ಇಲ್ಲ.

ಈ ವ್ಯವಸ್ಥೆಯ ಹಿಂದೆ ಇರುವುದು ಮಾಂಟ್ರಿಯಲ್‌ನ ಪ್ಲಸ್‌ಗ್ರೇಡ್ ಅನ್ನುವ ಕಂಪನಿ. ವಿಮಾನದಲ್ಲಿ ಬಿಸಿನೆಸ್ ಕ್ಲಾಸ್‌ಗೆ ಬಿಡ್ ಹಾಕಿ ಅಂತ ಮೇಲ್ ಬರುತ್ತದಲ್ಲ, ಅದರಲ್ಲೂ ಬಹಳಷ್ಟು ಇವರದೇ. ಖಾಲಿ ಉಳಿಯುವ ಜಾಗಕ್ಕೆ ಕೊನೇ ಗಳಿಗೆಯಲ್ಲಿ ಸಿಕ್ಕಷ್ಟು ದುಡ್ಡು ಮಾಡಿಕೊಳ್ಳುವ ಉಪಾಯ. ಸಂತೆ ಮುಗಿಯುವ ಹೊತ್ತಿಗೆ ಸೊಪ್ಪು ಮಾರಿದ ಹಾಗೆ, ಆದರೆ ಇಲ್ಲಿ ಕಟ್ಟು ನೋಡಿ ಆರಿಸುವ ಅವಕಾಶ ನಿಮಗಿಲ್ಲ.

ನೇಸರ_ನ್ಯೂಜೆರ್ಸಿ:

ಭಟ್ಟರು ಕೊನೆಗೆ ಹೇಳಿದ ಮಾತೇ ನಿಮಗೆ ಮುಖ್ಯ ಅಕ್ಕ. ಎರಡು ಕ್ಯಾಬಿನ್ ಎರಡು ಬುಕಿಂಗ್ ತಾನೆ? ಹಾಗಾದರೆ ಎರಡು ಬೇರೆ ಬೇರೆ ಬಿಡ್. ಒಂದು ಗೆದ್ದು ಇನ್ನೊಂದು ಬಿದ್ದರೆ? ಅಥವಾ ಎರಡೂ ಗೆದ್ದು ಒಂದು ಹಡಗಿನ ಮೂತಿಗೆ, ಇನ್ನೊಂದು ಬಾಲಕ್ಕೆ ಸಿಕ್ಕರೆ? ಓಯಾಸಿಸ್ ವರ್ಗದ ಹಡಗು ಸುಮಾರು 360 ಮೀಟರ್ ಉದ್ದ. ಮಂಡಿ ನೋವಿರುವವರು ದಿನಕ್ಕೆ ನಾಲ್ಕು ಸಲ ಆ ಕಾರಿಡಾರ್ ಉದ್ದಕ್ಕೂ ನಡೆಯೋದು ಬೇಡ. ಬಿಡ್‌ನಲ್ಲಿ ಡೆಕ್ (ಮಹಡಿ) ಕೇಳುವ ಹಾಗಿಲ್ಲ, ನಂಬರ್ ಕೇಳುವ ಹಾಗಿಲ್ಲ, ಕೊಟ್ಟದ್ದು ತಗೋಬೇಕು.

ನಮಗೆ ಆದದ್ದು ಹೇಳುತ್ತೇನೆ, ಕಂಪನಿ ಹೆಸರು ಬೇಡ. ಅಪ್ಪ ಅಮ್ಮನ ಜೊತೆ ಹೋಗಿದ್ದೆವು. ಹೊರಡೋಕೆ ಎರಡು ದಿನ ಇದೆ ಅನ್ನುವಾಗ ಅವರ ಕ್ಯಾಬಿನ್ ಬಿಡ್ ಗೆದ್ದಿತು. ಲಗೇಜ್ ಟ್ಯಾಗ್ ಪ್ರಿಂಟ್ ಮಾಡಿ ಸೂಟ್‌ಕೇಸ್‌ಗೆ ಸ್ಟೇಪಲ್ ಹೊಡೆದಾಗಿತ್ತು, ಅದೆಲ್ಲ ಕಿತ್ತು ಮತ್ತೆ ಮಾಡಿದೆವು. ಹೋಗಿ ನೋಡಿದರೆ ಬಾಲ್ಕನಿ ನಿಜ, ಮುಂದೆ ಕಿತ್ತಳೆ ಬಣ್ಣದ ಲೈಫ್‌ಬೋಟ್. ಸಮುದ್ರ ನೋಡಬೇಕಾದರೆ ಬಗ್ಗಿ ನೋಡಬೇಕು. ನಾವಿದ್ದದ್ದು ನಾಲ್ಕು ಡೆಕ್ ಮೇಲೆ. ಅಮ್ಮ ಮೊದಲನೇ ರಾತ್ರಿ ದಾರಿ ತಪ್ಪಿ, ಯಾರದೋ ಬಾಗಿಲಿಗೆ ಕಾರ್ಡ್ ಹಾಕುತ್ತಾ ನಿಂತಿದ್ದರು. ಈಗ ನಗುತ್ತೇವೆ, ಆವತ್ತು ನಗು ಬರಲಿಲ್ಲ.

ಇನ್ನೊಂದು ವಿಷಯ. ಓಯಾಸಿಸ್ ವರ್ಗದಲ್ಲಿ ಬಾಲ್ಕನಿ ಅಂದರೆಲ್ಲ ಸಮುದ್ರದ ಕಡೆಯೇ ಅಲ್ಲ. ಸೆಂಟ್ರಲ್ ಪಾರ್ಕ್ ಬಾಲ್ಕನಿ ಹಡಗಿನ ನಡುವಿನ ತೋಟದ ಕಡೆ ನೋಡುತ್ತದೆ. ಬೋರ್ಡ್‌ವಾಕ್ ಬಾಲ್ಕನಿ ಕೆಳಗೆ ಮಕ್ಕಳ ತಿರುಗುಗುದುರೆ, ಅಂಗಡಿ, ಸಂಜೆ ಗದ್ದಲ. ಕೆಲವರಿಗೆ ಅದೇ ಇಷ್ಟ, ಜಾತ್ರೆ ನೋಡುತ್ತಾ ಕೂತ ಹಾಗೆ. ಬೇಗ ಮಲಗುವ ಹಿರಿಯರಿಗೆ ಅಲ್ಲ. ಬಿಡ್ ಹಾಕುವ ಪುಟದಲ್ಲಿ ಇವೆಲ್ಲ ಬೇರೆ ಬೇರೆ ಸಾಲಿನಲ್ಲಿ ಇರುತ್ತವೆ. ಬೇಡದ್ದಕ್ಕೆ ಹಾಕಲೇಬೇಡಿ.

ಅಂದಹಾಗೆ ಅತ್ತೆ ಮಾವಂದು ಮಲ್ಟಿಪಲ್ ಎಂಟ್ರಿ ವೀಸಾ ತಾನೆ? ಪಾಸ್‌ಪೋರ್ಟ್ ಮರೆಯಬೇಡಿ. ವಿಷಯ ಬೇರೆ, ಆದರೂ ಕೇಳಿದೆ.

ಮುದ್ದೆ_ಪ್ರಿಯ:

ನಮ್ಮದು ಡೈಮಂಡ್ ಆಗಿ ಮೂರು ವರ್ಷ ಆಯಿತು, ಹಾಗಾಗಿ ಆ ಭಾಗ ನಾನು ಹೇಳುತ್ತೇನೆ.

ಮೊದಲು ಅತ್ತೆ ಮಾವನ ವಿಷಯ. ನಿಮ್ಮ ಎಮರಾಲ್ಡ್ ಅವರಿಗೆ ಅಂಟಲ್ಲ. ಗಂಡ ಹೆಂಡತಿ ಒಂದೇ ವಿಳಾಸದಲ್ಲಿದ್ದರೆ ಇಬ್ಬರಲ್ಲಿ ಯಾರದು ಜಾಸ್ತಿಯೋ ಆ ಹಂತ ಇಬ್ಬರಿಗೂ ಸಿಗುತ್ತದೆ, 18 ತುಂಬದ ಮಕ್ಕಳಿಗೆ ಅಪ್ಪ ಅಮ್ಮನ ಹಂತ ಸಿಗುತ್ತದೆ. ಹಿರಿಯರು ಅವರವರ ಖಾತೆಯಲ್ಲೇ ಶುರು ಮಾಡಬೇಕು. ಮೂರು ಪಾಯಿಂಟ್‌ಗೆ ಗೋಲ್ಡ್, ಅಂದರೆ ಈ ಒಂದು ಪ್ರಯಾಣದಲ್ಲೇ ಆಗುತ್ತಾರೆ. ಆಮೇಲೆ 30ಕ್ಕೆ ಪ್ಲಾಟಿನಂ, 55ಕ್ಕೆ ಎಮರಾಲ್ಡ್, 80ಕ್ಕೆ ಡೈಮಂಡ್, 175ಕ್ಕೆ ಡೈಮಂಡ್ ಪ್ಲಸ್, 700ಕ್ಕೆ ಪಿನಾಕಲ್. 700 ಪಾಯಿಂಟ್ ಇರುವವರನ್ನು ಹಡಗಿನಲ್ಲಿ ನೋಡಿದ್ದೇನೆ, ಬೆಂಗಳೂರಲ್ಲಿ ಹಳೇ ಹೋಟೆಲಿಗೆ ದಿನಾ ಬರುವ ತಾತಂದಿರ ಹಾಗೆ, ಮಾಣಿಗಳೆಲ್ಲ ಅವರ ಹೆಸರು ಹಿಡಿದು ಕರೆಯುತ್ತಾರೆ.

ಈಗ ಡೈಮಂಡ್‌ಗೆ ಇಷ್ಟು ಆಸೆ ಪಡಬೇಕಾ? ನಿಮ್ಮ ಮನೆಯಲ್ಲಿ ಕುಡಿಯುವವರು ಯಾರು ಅನ್ನುವುದರ ಮೇಲೆ ಹೋಗುತ್ತದೆ. ದಿನಕ್ಕೆ ನಾಲ್ಕು ಡ್ರಿಂಕ್ ವೋಚರ್, ಕಾರ್ಡ್‌ನಲ್ಲೇ ಬಂದು ಕೂತಿರುತ್ತವೆ. ಒಂದಕ್ಕೆ 14 ಡಾಲರ್‌ವರೆಗಿನ ಡ್ರಿಂಕ್. ಮದ್ಯವೇ ಆಗಬೇಕಂತಿಲ್ಲ, ಮಾಕ್‌ಟೇಲ್‌ಗೂ ಆಗುತ್ತದೆ. ಯಜಮಾನರು ನಾಲ್ಕೂ ಮುಗಿಸುವವರಾದರೆ ಡ್ರಿಂಕ್ ಪ್ಯಾಕೇಜ್ ತಗೊಳ್ಳೋದು ತಪ್ಪುತ್ತದೆ, ಅದು ದೊಡ್ಡ ಉಳಿತಾಯ. ನನ್ನ ಹೆಂಡತಿ ಕುಡಿಯಲ್ಲ, ಅವಳ ವೋಚರ್ ನಾನು ತಗೊಳ್ಳುವ ಹಾಗೂ ಇಲ್ಲ, ಹಾಗಾಗಿ ದಿನಾ ಒಂದು ಪೈನಾಪಲ್ ಜೂಸ್ ಕುಡಿದು ಉಳಿದದ್ದು ಹಾಳಾಗುತ್ತದೆ. ಇನ್ನು ಬುಕ್ ಮಾಡುವಾಗ ಬಾಲ್ಕನಿ, ಸೂಟ್‌ಗೆ ಸಿಗುವ ರಿಯಾಯಿತಿ. ಅದು ಬುಕಿಂಗ್ ದರದ ಮೇಲೆ, ಬಿಡ್ ಮೇಲೆ ಅಲ್ಲ.

ಹಾಗಾಗಿ ಯಜಮಾನರಿಗೆ ಡೈಮಂಡ್ ಬೇಕೇ ಬೇಕು ಅಂದರೆ ಬಿಡ್ ಬಿಟ್ಟು ಫೋನ್ ಮಾಡಲಿ. ಬಾಕಿ ದುಡ್ಡು ಕಟ್ಟಿಯಾಗಿದ್ದರೂ, ಇವತ್ತಿನ ದರದಲ್ಲಿ ಜೂನಿಯರ್ ಸೂಟ್‌ಗೆ ಎಷ್ಟು ವ್ಯತ್ಯಾಸ ಅಂತ ಕೇಳಬಹುದು. ಆ ವ್ಯತ್ಯಾಸ ಕಟ್ಟಿ ಬುಕಿಂಗನ್ನೇ ಬದಲಾಯಿಸಿಕೊಂಡರೆ ಡಬಲ್ ಪಾಯಿಂಟ್ ಸಿಗುತ್ತದೆ, ಕ್ಯಾಬಿನ್ ನಂಬರೂ ನೀವೇ ಆರಿಸಬಹುದು. ಬಿಡ್‌ಗೆ 600, ಫೋನ್‌ನಲ್ಲಿ 900 ಅಂದರೆ, ಆ 300 ಡಾಲರ್‌ಗೆ ನೀವು ಕೊಳ್ಳುತ್ತಿರುವುದು 7 ಪಾಯಿಂಟ್ ಮತ್ತು ಬೇಕಾದ ಜಾಗ. ಸವಲತ್ತು ಸಿಗುವುದು ಮುಂದಿನ ಪ್ರಯಾಣದಿಂದ, ಪಾಯಿಂಟ್ ಖಾತೆಗೆ ಬೀಳುವುದು ಹಡಗಿಂದ ಇಳಿದ ಮೇಲೆ ತಾನೆ.

ಜೂನಿಯರ್ ಸೂಟ್‌ವರೆಗೆ ಟಿಪ್ಸ್ ಒಂದೇ, ಒಬ್ಬರಿಗೆ ದಿನಕ್ಕೆ 18.50 ಡಾಲರ್. ಅದಕ್ಕಿಂತ ದೊಡ್ಡ ಸೂಟ್ ಗೆದ್ದರೆ 21 ಆಗುತ್ತದೆ. ಬಿಡ್ ಹಾಕುವಾಗ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯಲ್ಲ.

ಚಿಕ್ಕಪೇಟೆ_ಸುತ್ತಾಟ:

ಬೆಂಗಳೂರಿಂದ ಬುಕ್ ಮಾಡುವವರಿಗೆ ಒಂದು ಮಾತು, ಈ ಥ್ರೆಡ್ ಅವರೂ ಓದುತ್ತಾರೆ ಅಂತ. ಸಿಂಗಾಪುರದ ಮರೀನಾ ಬೇ ಕ್ರೂಸ್ ಸೆಂಟರ್‌ನಿಂದ ಹೊರಡುವ 4 ರಾತ್ರಿ ಟ್ರಿಪ್‌ಗಳನ್ನು ನಾವು ಜಾಸ್ತಿ ಟ್ರಾವೆಲ್ ಏಜೆಂಟ್ ಮೂಲಕವೇ ಮಾಡಿಸುವುದು. ಏಜೆಂಟ್ ತಮ್ಮದೇ ಇಮೇಲ್ ಹಾಕಿಬಿಟ್ಟರೆ ಅಪ್‌ಗ್ರೇಡ್ ಮೇಲ್ ನಿಮಗೆ ಬರುವುದೇ ಇಲ್ಲ. ಬುಕಿಂಗ್ ನಂಬರ್ ಕೇಳಿ ಇಟ್ಟುಕೊಂಡು ನೀವೇ ಕಂಪನಿ ವೆಬ್‌ಸೈಟ್‌ನಲ್ಲಿ ನೋಡಿ. ಎಲ್ಲ ಬುಕಿಂಗ್‌ಗೂ ಬಿಡ್ ಅವಕಾಶ ಇರಲ್ಲ, ಗುಂಪಿನಲ್ಲಿ ಮಾಡಿಸಿದ್ದಾದರೆ ಅಂತೂ ಸುಮ್ನೆ ಕಾಯಬೇಡಿ. ದುಡ್ಡು ಡಾಲರ್‌ನಲ್ಲಿ ಹೋಗುತ್ತದೆ, ಕಾರ್ಡ್‌ನವರ ಫಾರೆಕ್ಸ್ ಶುಲ್ಕ ಅದರ ಮೇಲೆ.

ಇನ್ನೊಂದು, ಹಂತದ ಸವಲತ್ತಿಗೆ ಒಂದೇ ಕಂಪನಿಗೆ ಅಂಟಿಕೊಳ್ಳಬೇಕಂತಿಲ್ಲ. 2024ರಿಂದ ರಾಯಲ್ ಕೆರಿಬಿಯನ್, ಸೆಲೆಬ್ರಿಟಿ, ಸಿಲ್ವರ್‌ಸೀ ಮೂರಕ್ಕೂ ಹಂತ ಹೊಂದಿಸುತ್ತಾರೆ, ಮೂರೂ ಒಂದೇ ಮನೆಯವು. ಎಂಎಸ್‌ಸಿ ಅನ್ನುವ ಇನ್ನೊಂದು ಕ್ರೂಸ್ ಕಂಪನಿಯವರು ಬೇರೆ ಕಂಪನಿಗಳ, ಹೋಟೆಲ್‌ಗಳ ಸದಸ್ಯತ್ವವನ್ನೂ ನೋಡಿ ತಮ್ಮಲ್ಲಿ ಹಂತ ಕೊಡುತ್ತಾ ಬಂದಿದ್ದಾರೆ.

ನೇಸರ_ನ್ಯೂಜೆರ್ಸಿ:

ಅಕ್ಕ, ಮತ್ತೆ ಬಂದೆ. ದುಡ್ಡೇ ಖರ್ಚಿಲ್ಲದ ದಾರಿ ಒಂದಿದೆಯಲ್ಲ. ಎದುರು ಬಾಗಿಲು ತಾನೆ? ಹತ್ತಿದ ದಿನವೇ ಗೆಸ್ಟ್ ಸರ್ವಿಸಸ್ ಹತ್ತಿರ ಹೋಗಿ ನಿಮ್ಮ ಕ್ಯಾಬಿನ್ ಬಾಗಿಲಿಗೆ ಎರಡು ಕೀ ಕಾರ್ಡ್ ಜಾಸ್ತಿ ಕೇಳಿ, ಅತ್ತೆ ಮಾವನ ಕೈಲಿ ಕೊಡಿ. ಹಗಲೆಲ್ಲ ಬಾಲ್ಕನಿ ಅವರದು. ನೀವು ಹೇಗೂ ಮಗಳ ಹಿಂದೆ ನೀರಿನ ಜಾರುಬಂಡೆ, ಈಜುಕೊಳ ಅಂತ ಓಡಾಡುತ್ತಿರುತ್ತೀರಿ. ಊಟಕ್ಕೆ ಮೊದಲನೇ ರಾತ್ರಿಯೇ ಡೈನಿಂಗ್ ರೂಮ್‌ನ ಹೆಡ್ ವೇಟರ್‌ಗೆ ಸಸ್ಯಾಹಾರ, ಇಂಡಿಯನ್ ಅಡುಗೆ ಬೇಕು ಅಂತ ಹೇಳಿಡಿ. ನಮ್ಮ ಅಪ್ಪ ಅಮ್ಮನಿಗೆ ದಾಲ್, ಅನ್ನ, ಒಂದು ಪಲ್ಯ ದಿನಾ ಮಾಡಿಕೊಟ್ಟರು. ತಿಳಿಸಾರು ಮಾತ್ರ ಕೇಳಬೇಡಿ, ಬರೋದು ಬೇರೆ ಏನೋ ಆಗಿರುತ್ತದೆ.

ಹೇಮಾವತಿ_ತೀರ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಫೋನ್ ಮಾಡಿಸಿದೆ. ಜೂನಿಯರ್ ಸೂಟ್‌ಗೆ ಇವತ್ತಿನ ದರದ ವ್ಯತ್ಯಾಸ 1,140 ಡಾಲರ್ ಅಂದರು, ಅದೂ ಬೇರೆ ಡೆಕ್‌ನಲ್ಲಿ. ಯಜಮಾನರು ಸ್ಪೀಕರ್ ಆಫ್ ಮಾಡಿ ಎದ್ದುಹೋದರು. ಅತ್ತೆ ಮಾವನಿಗೆ ನಮ್ಮ ಪಕ್ಕದಲ್ಲೋ ಹತ್ತಿರದಲ್ಲೋ ಬಾಲ್ಕನಿ ಇದೆಯಾ ಅಂತ ಕೇಳಿದರೆ ನಮ್ಮ ಡೆಕ್‌ನಲ್ಲಿ ಒಂದೂ ಉಳಿದಿಲ್ಲವಂತೆ. ಹಾಗಾಗಿ ಹಾಕಿದ್ದ ಒಂದು ಬಿಡ್ಡನ್ನೂ (ಹೌದು, ನಾನು ಇಲ್ಲಿ ಕೇಳುವ ಮೊದಲೇ ಯಜಮಾನರು ಒಂದು ಹಾಕಿಬಿಟ್ಟಿದ್ದರು) ತೆಗೆಸಿದೆ. ಕೀ ಕಾರ್ಡ್ ಉಪಾಯವೇ ಗಟ್ಟಿ.

ವೀಸಾ ಮಲ್ಟಿಪಲ್ ಎಂಟ್ರಿಯೇ, ನೋಡಿದೆ.

ಮಾವನಿಗೆ ಇವೆಲ್ಲ ವಿವರಿಸಿ, ನಿಮ್ಮ ಕೋಣೆಗೆ ಕಿಟಕಿ ಇಲ್ಲ ಅಂತ ಹೆದರುತ್ತಾ ಹೇಳಿದರೆ, "ಬೆಳಕು ಬರಲ್ಲ ತಾನೆ? ಮಧ್ಯಾಹ್ನ ಒಳ್ಳೇ ನಿದ್ದೆ ಬರುತ್ತದೆ ಬಿಡಮ್ಮ" ಅಂದರು.

ಬಾಲ್ಕನಿ_ಭಟ್ಟ:

ಯಜಮಾನರಿಗೆ ಹೇಳಿ: ಈ ಸಲ 73. ಇದೇ ಮಾಮೂಲಿ ಬಾಲ್ಕನಿಯಲ್ಲಿ ಇನ್ನೊಂದು 7 ರಾತ್ರಿ ಹೋದರೆ 80.

ಹೇಮಾವತಿ_ತೀರ:

ಭಟ್ಟರೇ, ಅದನ್ನು ಅವರಿಗೆ ಹೇಳಬೇಡಿ. ಆಗಲೇ ಡಿಸೆಂಬರ್ ದರ ನೋಡುತ್ತಾ ಕೂತಿದ್ದಾರೆ.